ಎರಡು ಪೈಸೆ, ಒಂದು ಊಟ: ಕುದ್ಮುಲ್ ರಂಗರಾಯರ ತರಗತಿ

ಸಿಂದಗಿ ತಾಲೂಕಿನ ನಮ್ಮ ಯಂಕಂಚಿ ಕಡೆಯವರಿಗೆ ಮಂಗಳೂರು ಅಂದ್ರೆ ಗುಳೆ ಹೋಗೋ ಊರು. ಸಂಬಂಧಿಕರನ್ನು ನೋಡಲು ಅಲ್ಲಿಗೆ ಹೋದಾಗ ಪುರಭವನದ ಮೇಲೆ ಕುದ್ಮುಲ್ ರಂಗರಾವ್ ಅನ್ನೋ ಹೆಸರು ಕಂಡಿತು. ಯಾರಿವರು ಅಂತ ಹುಡುಕುತ್ತಾ ಹೋದೆ. ಬಿ.ಇಡಿ.ಯಲ್ಲಿ ನಾನು ಕಲಿತ ಪಾಠವೊಂದು ತಲೆಕೆಳಗಾಯಿತು.

ತರಗತಿಯಲ್ಲಿ ಒಳ್ಳೆಯ ವಾತಾವರಣ ಇರಬೇಕು ಅಂತ ನಮಗೆ ಹೇಳಿಕೊಟ್ಟಿದ್ದರು. ಗೋಡೆಗೆ ಬಣ್ಣದ ಚಾರ್ಟು, ಮೇಷ್ಟ್ರ ನಗುಮುಖ, ಮಕ್ಕಳಿಗೊಂದು ಶಭಾಷ್. ಎಲ್ಲಾ ಸರಿ. ಆದರೆ ಮಗುವಿಗೆ ತರಗತಿಯ ಬಾಗಿಲೇ ಮುಚ್ಚಿದ್ದರೆ?

ರಂಗರಾಯರು ಎತ್ತಿಕೊಂಡಿದ್ದು ಇದೇ ಪ್ರಶ್ನೆಯನ್ನು. 1859ರಲ್ಲಿ ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದರು. ಎಳೆಯ ವಯಸ್ಸಲ್ಲೇ ತಂದೆ ತೀರಿಕೊಂಡರು. ಮಂಗಳೂರಿಗೆ ಬಂದು ಮೊದಲು ಮೇಷ್ಟ್ರಾದರು, ಆಮೇಲೆ ವಕೀಲರಾದರು. 1892ರಲ್ಲಿ ಉರ್ವದ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು.

ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬಂದು ಕೂರಲ್ಲ ಅನ್ನೋದು ಅವರಿಗೆ ಗೊತ್ತಿತ್ತು. ಮಗು ಶಾಲೆಗೆ ಬಂದರೆ ಮನೆಗೆ ಒಂದು ದಿನದ ಕೂಲಿ ಖೋತಾ. ಹಾಗಾಗಿ ಬಂದ ಮಕ್ಕಳಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು, ಮಧ್ಯಾಹ್ನ ಊಟ ಹಾಕಿದರು. ರಾಜ್ಯದಲ್ಲಿ ಅಕ್ಷರ ದಾಸೋಹ ಶುರುವಾದದ್ದು 2002ರಲ್ಲಿ. ಅದಕ್ಕೆ ಸುಮಾರು ನೂರು ವರ್ಷ ಮೊದಲಿನ ಮಾತಿದು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ಓದಿನ ಜೊತೆ ಕೈಕಸುಬು ಕಲಿಸಿದರು. ದಲಿತ ಕುಟುಂಬಗಳಿಗೆ ಮನೆ ಕಟ್ಟಿಕೊಳ್ಳಲು ಜಾಗ ಮಾಡಿಕೊಟ್ಟರು.

ಇದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರು. ವಿರೋಧಕ್ಕೆ ಶಾಲೆಯ ಜಾಗವನ್ನೇ ಬದಲಿಸಬೇಕಾಯಿತು. ಆದರೂ ಹಿಂದೆ ಸರಿಯಲಿಲ್ಲ. ವಿಧವೆಯಾಗಿದ್ದ ಮಗಳು ರಾಧಾಬಾಯಿಗೆ ಬೇರೆ ಜಾತಿಯ ಪಿ. ಸುಬ್ಬರಾಯನ್ ಅವರೊಂದಿಗೆ ಮದುವೆ ಮಾಡಿಸಿದರು.

ಅವರನ್ನು ದೇವರು ಮಾಡಿ ಕೂರಿಸೋದು ನನಗಿಷ್ಟವಿಲ್ಲ. ದಲಿತರು ತಾವೇ ಕಟ್ಟಿದ ಹೋರಾಟಗಳ ಮುಂದೆ ಯಾವ ಉದ್ಧಾರಕನೂ ದೊಡ್ಡವನಲ್ಲ. ಆದರೆ ಹಸಿವು, ಕೂಲಿ, ಅವಮಾನ ಮೂರೂ ಪಠ್ಯಕ್ಕಿಂತ ಮೊದಲು ತರಗತಿಯೊಳಗೆ ಬಂದು ಕೂತಿರುತ್ತವೆ ಅನ್ನೋದನ್ನು ಈ ಮೇಷ್ಟ್ರು ಅರಿತಿದ್ದರು.

ನಾವು ಅರಿತಿದ್ದೀವಾ? 2021ರ ಡಿಸೆಂಬರ್‌ನಲ್ಲಿ ನಮ್ಮ ವಿಜಯಪುರವೂ ಸೇರಿದಂತೆ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರೇ ವಿರೋಧಿಸಿದರು. ಬಡ ಮಗುವಿನ ತಟ್ಟೆಗೆ ಏನು ಬೀಳಬೇಕು ಅನ್ನೋದನ್ನು ಹೊಟ್ಟೆ ತುಂಬಿದವರು ತೀರ್ಮಾನಿಸೋ ಚಾಳಿ ಇನ್ನೂ ಹೋಗಿಲ್ಲ.

ರಂಗರಾಯರು 1928ರ ಜನವರಿ 30ರಂದು ತೀರಿಕೊಂಡರು. ತನ್ನ ಶಾಲೆಯಲ್ಲಿ ಓದಿದ ದಲಿತ ಮಗು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಓಡಾಡಬೇಕು, ಆ ಕಾರು ಎಬ್ಬಿಸಿದ ಧೂಳು ತನ್ನ ತಲೆ ಮೇಲೆ ಬೀಳಬೇಕು ಅನ್ನೋದು ಅವರ ಆಸೆಯಾಗಿತ್ತು. ನಾಳೆ ನಾನು ಮೇಷ್ಟ್ರಾದರೆ ಗೋಡೆಗೆ ಚಾರ್ಟು ಆಮೇಲೆ ಅಂಟಿಸ್ತೀನಿ. ಇವತ್ತು ಯಾರು ಬಂದಿಲ್ಲ, ಯಾಕೆ ಬಂದಿಲ್ಲ ಅಂತ ಮೊದಲು ಕೇಳ್ತೀನಿ.