ಚಿನ್ನದ ತಂತಿಯಲ್ಲಿ ಹಲ್ಲು ಕಟ್ಟಿದ ಅಲ್-ಝಹ್ರಾವಿ

ಅಬುಲ್ ಕಾಸಿಂ ಅಲ್-ಝಹ್ರಾವಿ ದೊಡ್ಡ ಶಸ್ತ್ರಚಿಕಿತ್ಸಕರೆಂದು ನಾವೆಲ್ಲ ಕೇಳಿದ್ದೇವೆ. ಅವರು ಹಲ್ಲನ್ನೂ ಕಟ್ಟುತ್ತಿದ್ದರೆಂದು ನನಗೆ ತಿಳಿದದ್ದು ಈಚೆಗೆ.

ಅವರು ಸ್ಪೇನಿನ ಕಾರ್ಡೋಬಾ ಬಳಿಯ ಮದೀನತುಝ್ಝಹ್ರಾದವರು. ಹುಟ್ಟಿದ್ದು ಸುಮಾರು 936ರಲ್ಲಿ, ತೀರಿಕೊಂಡದ್ದು 1013ರ ಸುಮಾರಿಗೆ. ಜೀವಮಾನದ ಅನುಭವವನ್ನು 30 ಭಾಗಗಳ ‘ಅತ್ತಸ್ರೀಫ್’ ಗ್ರಂಥದಲ್ಲಿ ಬರೆದಿಟ್ಟರು. ಕೊನೆಯ ಭಾಗ ಶಸ್ತ್ರಚಿಕಿತ್ಸೆಯದು, ಉಪಕರಣಗಳ ಚಿತ್ರಗಳೂ ಇವೆ.

ಅಲುಗಾಡುವ ಹಲ್ಲನ್ನು ಕೀಳದೆ, ಅಕ್ಕಪಕ್ಕದ ಗಟ್ಟಿ ಹಲ್ಲುಗಳಿಗೆ ತಂತಿ ಹೆಣೆದು ಬಿಗಿಯುವ ಕ್ರಮ ಅದರಲ್ಲಿದೆ. ತಂತಿ ಚಿನ್ನದ್ದಾದರೆ ಒಳ್ಳೆಯದು. ಬೆಳ್ಳಿ ಬೇಗ ಹಸಿರುಗಟ್ಟಿ ಹಾಳಾಗುತ್ತದೆ. ತೀರಾ ತೆಳುವೂ ಬೇಡ, ದಪ್ಪವೂ ಬೇಡ. ಹಲ್ಲು ಬಿದ್ದೇ ಹೋಗಿದ್ದರೆ? ಎತ್ತಿನ ಮೂಳೆಯನ್ನು ಹಲ್ಲಿನಂತೆ ಕೆತ್ತಿ, ಆ ಜಾಗದಲ್ಲಿಟ್ಟು ಕಟ್ಟುವುದು. ಸಾವಿರ ವರ್ಷದ ಹಿಂದಿನ ಬ್ರಿಡ್ಜ್ ಎಂದರೆ ಇದೇ ಅಲ್ಲವೇ!

ಡೆಂಟಲ್ ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನ ಅಣ್ಣನಿಗೆ ಇದನ್ನು ಹೇಳಿದೆ. ಈಗಿನ ರೆಸಿನ್ ಬ್ರಿಡ್ಜಿನಲ್ಲೂ ಪಕ್ಕದ ಹಲ್ಲನ್ನು ಹೆಚ್ಚು ಸವೆಸುವುದಿಲ್ಲವಂತೆ. ಕೃತಕ ಹಲ್ಲಿಗೆ ಲೋಹದ ರೆಕ್ಕೆ ಮಾಡಿ, ಪಕ್ಕದ ಹಲ್ಲಿನ ಒಳಬದಿಗೆ ಅಂಟಿಸುತ್ತಾರೆ. ಲ್ಯಾಬಿನಲ್ಲಿ ಅಲ್ಯೂಮಿನಾ ಪುಡಿ ಊದಿ ರೆಕ್ಕೆಯನ್ನು ಒರಟು ಮಾಡದಿದ್ದರೆ ಬ್ರಿಡ್ಜ್ ಬೇಗ ಕಳಚುತ್ತದೆ. ಅಲ್-ಝಹ್ರಾವಿಯವರ ಬಳಿ ಅಂಥ ಅಂಟು ಇರಲಿಲ್ಲ. ಇದ್ದದ್ದು ತಂತಿ, ನುರಿತ ಕೈ.

12ನೇ ಶತಮಾನದಲ್ಲಿ ಕ್ರೆಮೋನಾದ ಜೆರಾರ್ಡ್ ಆ ಭಾಗವನ್ನು ಲ್ಯಾಟಿನ್ನಿಗೆ ತಂದರು. ಯುರೋಪಿನ ವೈದ್ಯರು ಅದನ್ನು ಶತಮಾನಗಳ ಕಾಲ ಓದಿದರು.