ಸಸ್ಯವಿಜ್ಞಾನಿ ಡಾ. ಬಿ. ಜಿ. ಎಲ್. ಸ್ವಾಮಿ

ನಮ್ಮ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ದೊರೆತ, ಸುಮಾರು ಕ್ರಿ.ಶ. 890ರ ವೀರಗಲ್ಲಿನ ಶಾಸನದಲ್ಲಿ ಬೆಂಗಳೂರೆಂಬ ಹೆಸರು ಕಾಣಸಿಗುತ್ತದೆ. ಇಂತಹ ಕಲ್ಬರಹಗಳಲ್ಲಿ ಚರಿತ್ರಕಾರರು ಅರಸರನ್ನೂ ಕಾಳಗಗಳನ್ನೂ ಅರಸಿದರೆ, ಗಿಡಮರಗಳನ್ನು ಅರಸಿದ ವಿದ್ವಾಂಸರೊಬ್ಬರು ಇದೇ ಬೆಂಗಳೂರಿನವರಾಗಿದ್ದರು. 'ಶಾಸನಗಳಲ್ಲಿ ಗಿಡಮರಗಳು' ಎಂಬ ಗ್ರಂಥದ ಕರ್ತೃಗಳಾದ ಕೀರ್ತಿಶೇಷ ಡಾ. ಬಿ. ಜಿ. ಎಲ್. ಸ್ವಾಮಿಯವರೇ ಆ ಮಹನೀಯರು.

ಡಿ.ವಿ.ಜಿ.ಯವರ ಸುಪುತ್ರರಾಗಿ 1918ರಲ್ಲಿ ಜನಿಸಿದ ಸ್ವಾಮಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ವ್ಯಾಸಂಗ ಮಾಡಿದರು. ತಂದೆಯವರ ಸಾಹಿತ್ಯಕೀರ್ತಿಯ ನೆರಳಿನಲ್ಲಿ ನಿಲ್ಲದೆ, ಸೂಕ್ಷ್ಮದರ್ಶಕದ ಮುಂದೆ ಕುಳಿತು ತಮ್ಮದೇ ದಾರಿಯನ್ನು ಕಂಡುಕೊಂಡರು. ಧೂಳಿನಷ್ಟು ಸಣ್ಣ ಬೀಜಗಳುಳ್ಳ ಆರ್ಕಿಡ್ ಸಸ್ಯಗಳ ಭ್ರೂಣರಚನೆಯನ್ನು ಕುರಿತ ಅವರ ಸಂಶೋಧನೆಗಳು ತಾರುಣ್ಯದಲ್ಲಿಯೇ ಅವರಿಗೆ ಹೆಸರು ತಂದವು. ಅನಂತರ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮರದ ಒಳರಚನೆಯ ಮಹಾಪಂಡಿತರಾದ ಇರ್ವಿಂಗ್ ಬೈಲಿಯವರೊಡನೆ ಕೆಲಸ ಮಾಡುವ ಅವಕಾಶವು ಒದಗಿತು.

ನೋಟಕ್ಕೆ ಒಂದೇ ತೆರನಾಗಿರುವ ಸಸ್ಯಗಳನ್ನು ಬೇರೆಬೇರೆಯೆಂದು ಗುರುತಿಸುವುದು ಸುಲಭವಲ್ಲ. ಎಲೆಯ ಅಂಚು, ಹೂವಿನ ಬಣ್ಣ, ಗಿಡದ ಎತ್ತರ ಇವು ನೆಲ, ನೆರಳು, ಮಳೆಗಳಿಗೆ ತಕ್ಕಂತೆ ಬದಲಾಗಿ ಕಣ್ಣನ್ನು ವಂಚಿಸುತ್ತವೆ. ತೇವದ ಕಾಡುಗಳ ನೆರಳಿನಲ್ಲಿ ಬೆಳೆಯುವ ಕ್ಲೋರಾಂಥಸ್ ಮತ್ತು ಸಾರ್ಕಾಂಡ್ರ ಎಂಬ ಎರಡು ಜಾತಿಗಳು ಇದಕ್ಕೆ ಉತ್ತಮ ನಿದರ್ಶನ. ಎರಡರಲ್ಲಿಯೂ ಎದುರುಬದುರಾದ, ಹಲ್ಲಂಚಿನ ಎಲೆಗಳು. ದಳಗಳೇ ಇಲ್ಲದ ಪುಟ್ಟ ಹೂಗಳು. ಆದುದರಿಂದಲೇ ಅನೇಕರು ಇವೆರಡನ್ನೂ ಒಂದೇ ಜಾತಿಯೆಂದು ಎಣಿಸಿದ್ದರು. ಹೂವನ್ನು ತಾಳ್ಮೆಯಿಂದ ಬಿಡಿಸಿ ನೋಡಿದವರಿಗೆ ಮಾತ್ರ, ಒಂದರಲ್ಲಿ ಸಾಮಾನ್ಯವಾಗಿ ಮೂರು ಸೀಳಾದ ಕೇಸರವೂ ಇನ್ನೊಂದರಲ್ಲಿ ಒಂಟಿ ಕೇಸರವೂ ಇರುವುದು ತಿಳಿಯುತ್ತದೆ.

ಸ್ವಾಮಿಯವರು ಇನ್ನೂ ಒಳಹೊಕ್ಕರು. ಹೂಬಿಡುವ ಸಸ್ಯಗಳ ಬಹುಪಾಲಿನಲ್ಲಿ ನೀರು ಮೇಲೇರಲು ತುದಿಗಳು ತೆರೆದ ಕೊಳವೆಗಳಂತಹ ವಾಹಿನಿಗಳಿರುತ್ತವೆ. ಸಾರ್ಕಾಂಡ್ರದ ಕಾಂಡವನ್ನು ತೆಳುವಾಗಿ ಸೀಳಿ ಪರೀಕ್ಷಿಸಿದಾಗ ಅಂತಹ ವಾಹಿನಿಗಳು ಅವರಿಗೆ ಗೋಚರಿಸಲಿಲ್ಲ. ಈ ಆಧಾರದ ಮೇಲೆ ಸಾರ್ಕಾಂಡ್ರವು ಪ್ರತ್ಯೇಕ ಜಾತಿಯೆಂದು ಅವರೂ ಬೈಲಿಯವರೂ 1950ರಲ್ಲಿ ಪ್ರತಿಪಾದಿಸಿದರು. ದಕ್ಷಿಣ ಭಾರತದ ಸಾರ್ಕಾಂಡ್ರವೊಂದನ್ನು ಹೊಸ ಪ್ರಭೇದವೆಂದು 1953ರಲ್ಲಿ ವರ್ಣಿಸಿದಾಗ, ಸ್ವಾಮಿಯವರು ಅದಕ್ಕೆ ಇರ್ವಿಂಗ್‌ಬೈಲಿಯೈ ಎಂದು ಗುರುವಿನ ಹೆಸರನ್ನಿಟ್ಟರು. ಗುರುದಕ್ಷಿಣೆಗೆ ಇದಕ್ಕಿಂತ ಸುಂದರವಾದ ರೂಪ ಯಾವುದಿದ್ದೀತು?

ಸ್ವಾಮಿಯವರು ಗತಿಸಿ ಏಳು ವರ್ಷಗಳಾದ ಮೇಲೆ, 1987ರಲ್ಲಿ, ಅಮೆರಿಕದ ಶರ್ವಿನ್ ಕಾರ್ಲ್‌ಕ್ವಿಸ್ಟ್ ಅವರು ಸಾರ್ಕಾಂಡ್ರದ ಬೇರಿನಲ್ಲಿ ವಾಹಿನಿಗಳಿರುವುದನ್ನು ತೋರಿಸಿದರು. ವಾಹಿನಿಗಳೇ ಇಲ್ಲದ ಜಾತಿಯೆಂಬ ಮಾತು ಹಾಗೆ ತಿದ್ದಲ್ಪಟ್ಟಿತು. ಆದರೆ ಸಾರ್ಕಾಂಡ್ರವು ಪ್ರತ್ಯೇಕ ಜಾತಿಯೆಂಬ ನಿಲುವು ಉಳಿದುಕೊಂಡಿತು. ಇದರಿಂದ ಸ್ವಾಮಿಯವರ ಹಿರಿಮೆಗೆ ಕುಂದಿಲ್ಲ. ಮುಂದಿನವರು ತಿದ್ದಬಲ್ಲಷ್ಟು ಸ್ಪಷ್ಟವಾಗಿ ತಾನು ಕಂಡುದನ್ನು ಬರೆದಿಡುವುದೇ ವಿಜ್ಞಾನಿಯ ಧರ್ಮ.

ಸ್ವದೇಶಕ್ಕೆ ಮರಳಿದ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿಯೂ ಪ್ರಾಂಶುಪಾಲರಾಗಿಯೂ ಸೇವೆ ಸಲ್ಲಿಸಿದರು. ವಿದ್ಯಾರ್ಥಿಗಳನ್ನು ಕಾಡುಬೆಟ್ಟಗಳಿಗೆ ಕರೆದೊಯ್ದು, ಗಿಡವನ್ನು ಗಿಡದ ಬಳಿಯಲ್ಲಿಯೇ ಪರಿಚಯಿಸಿದರು. ಆ ಸಂಚಾರಗಳ ಸೊಗಸೇ 'ಹಸುರು ಹೊನ್ನು' ಆಗಿ, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ತಂದೆಯವರಿಗೆ 1967ರಲ್ಲಿ ಸಂದಿದ್ದ ಪ್ರಶಸ್ತಿಯೇ ಮಗನಿಗೂ ಸಂದಿತು. 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ' ಎಂಬ ಪುಸ್ತಕದಲ್ಲಿ, ನಮ್ಮ ಅಡಿಗೆಮನೆಯ ಮೆಣಸಿನಕಾಯಿ, ಆಲೂಗೆಡ್ಡೆಗಳಂತಹವು ಕಡಲಾಚೆಯಿಂದ ಬಂದ ಕಥೆಯನ್ನು ನಗೆ ಬೆರೆಸಿ ಹೇಳಿದರು. ಚಿತ್ರಗಳನ್ನೂ ತಾವೇ ಬರೆದರು. 1980ರಲ್ಲಿ ಅವರು ಕಾಲವಶರಾದರು.

ಶರಣರು ಕಾಯಕವನ್ನೂ ದಾಸೋಹವನ್ನೂ ಒಂದರಿಂದೊಂದು ಬೇರ್ಪಡಿಸಲಿಲ್ಲ. ಸ್ವಾಮಿಯವರಿಗೆ ಸೂಕ್ಷ್ಮದರ್ಶಕವು ಕಾಯಕವಾದರೆ, ತಿಳಿದುದನ್ನು ತಾಯ್ನುಡಿಯಲ್ಲಿ ಎಲ್ಲರಿಗೂ ಉಣಬಡಿಸಿದುದು ದಾಸೋಹವೇ ಸರಿ. ನಮ್ಮ ಶಾಲೆಯ ಮಕ್ಕಳು ಬೇಗೂರು ಕೆರೆಯ ಏರಿಯ ಮೇಲೆ ಒಂದೇ ರೀತಿ ಕಾಣುವ ಎರಡು ಗಿಡಗಳನ್ನು ಕಂಡಾಗ, ಅವು ಒಂದೇ ಎಂದು ಹೇಳಿ ಮುಂದೆ ಸಾಗುವ ಮುನ್ನ ಒಂದು ಗಳಿಗೆ ಬಾಗಿ ನೋಡಲಿ. ಉಪಾಧ್ಯಾಯರೂ ಅವರೊಡನೆ ಬಾಗಲಿ. ಆ ಮಹನೀಯರ ನೆನಪಿಗೆ ಅದೇ ತಕ್ಕ ನಮನವಾದೀತು.