ಸಾವಿರ ಪ್ರತಿ ಬರೆಸಿದ ತಾಯಿ

ಈ ಸಲದ ಗೋಡೆಪತ್ರಿಕೆಗೆ ಒಬ್ಬರ ಜೀವನ ಚರಿತ್ರೆ ಬರಿ ಅಂದರು ನಮ್ಮ ಕನ್ನಡ ಸರ್. ಸಿಂಧನೂರಿಗೆ ಹೋಗಲಿ, ಲಿಂಗಸುಗೂರಿಗೆ ಹೋಗಲಿ, ಮಸ್ಕಿಯವರು ಅಂದರೆ ಸಾಕು, ಅಶೋಕನ ಶಾಸನದ ಊರಿನವರಾ ಅಂತಾರ. ಆದ್ದರಿಂದ ಎಲ್ಲರೂ ಅಶೋಕನ ಬಗ್ಗೆಯೇ ಬರೀತಾರ. ನಾನು ಅತ್ತಿಮಬ್ಬೆಯನ್ನು ಆರಿಸಿದೆ. ಅದಕ್ಕೆ ಕಾರಣ ನಮ್ಮ ಅಜ್ಜಿ.

ಅತ್ತಿಮಬ್ಬೆ ಸಾವಿರ ವರ್ಷದ ಹಿಂದಿನಾಕೆ. ಕಲ್ಯಾಣದ ಚಾಲುಕ್ಯರ ತೈಲಪನ ಕಾಲ. ತಂದೆ ಮಲ್ಲಪಯ್ಯ, ದಂಡನಾಯಕ. ಆಕೆಯನ್ನೂ ತಂಗಿ ಗುಂಡಮಬ್ಬೆಯನ್ನೂ ನಾಗದೇವ ಎಂಬ ಒಬ್ಬನೇ ವೀರನಿಗೆ ಕೊಟ್ಟರು. ಆತ ಯುದ್ಧದಲ್ಲಿ ತೀರಿಹೋದ. ಗುಂಡಮಬ್ಬೆ ಗಂಡನ ಚಿತೆ ಏರಿದಳು. ಅತ್ತಿಮಬ್ಬೆ ಏರಲಿಲ್ಲ. ಮಗ ಅಣ್ಣಿಗದೇವ ಇದ್ದ, ಅವನನ್ನು ಬೆಳೆಸಬೇಕಿತ್ತು. ಸಾಯುವುದನ್ನೇ ದೊಡ್ಡದು ಅನ್ನುತ್ತಿದ್ದ ಆ ಕಾಲದಲ್ಲಿ ಬದುಕಿ ಉಳಿಯಲು ಎಷ್ಟು ಗಟ್ಟಿ ಮನಸ್ಸು ಬೇಕಿತ್ತೋ!

ಆಕೆಗೆ ತುಂಬಿದ ಗೋದಾವರಿ ದಾರಿ ಬಿಟ್ಟಿತು ಅಂತ ಕಥೆ ಐತಿ. ನನಗೆ ಅದಕ್ಕಿಂತ ಇನ್ನೊಂದು ಸಂಗತಿ ದೊಡ್ಡದು ಅನ್ನಿಸ್ತದ. ಪೊನ್ನ ಕವಿಯ ಶಾಂತಿಪುರಾಣ ನಾಶವಾಗಬಾರದೆಂದು ಆಕೆ ಅದರ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅಚ್ಚಿನ ಮಷಿನ್ ಇಲ್ಲ, ಝೆರಾಕ್ಸ್ ಇಲ್ಲ. ಒಂದೊಂದೂ ತಾಳೆಗರಿಯ ಮೇಲೆ ಕೈಯಿಂದ! ಈ ಒಂದು ಹಾಳೆ ಮೂರು ಸಲ ಬರೆಯೋದ್ರಾಗ ನನ್ನ ಬೆರಳು ನೋಯಾಕತ್ತಾವ.

ರನ್ನನಿಂದ ಅಜಿತಪುರಾಣ ಬರೆಸಿದಾಕೆಯೂ ಇವಳೇ. ಅದು ಮುಗಿದದ್ದು 993ರಲ್ಲಿ. ಗದಗದ ಹತ್ತಿರ ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬಸದಿ ಇವತ್ತಿಗೂ ನಿಂತಿದೆ. ಅಲ್ಲಿನ ಶಾಸನ 1007ರದು. ಜನ ಆಕೆಯನ್ನು ದಾನಚಿಂತಾಮಣಿ ಎಂದು ಕರೆದರು.

ಈಗ ನಮ್ಮ ಅಜ್ಜಿ ವಿಷಯ. ಅಜ್ಜ ಸತ್ತಾಗ ನಮ್ಮಪ್ಪ ತೊಟ್ಟಿಲಲ್ಲಿದ್ದನಂತೆ. ಮಂದಿ ಏನೇನೋ ಅಂದರು. ಅಜ್ಜಿ ಕೂಲಿಗೆ ಹೋಗಿ ಅಪ್ಪನನ್ನು ಓದಿಸಿದಳು. ತನಗೆ ಅಕ್ಷರ ಬರ್ತಿರಲಿಲ್ಲ. ನಾನು ಪಾಠ ಓದಿದರೆ ಅಕ್ಕಿ ಹಸನು ಮಾಡುತ್ತಾ ಕೇಳುತ್ತಿದ್ದಳು. ಅತ್ತಿಮಬ್ಬೆ ಪಾಠ ಎರಡು ಸಲ ಓದಿಸಿದಳು. ಗುಂಡಮಬ್ಬೆ ಚಿತೆ ಏರಿದ ಕಡೆ ಮೊರ ಕೆಳಗಿಟ್ಟು ಸುಮ್ಮನೆ ಕುಳಿತಳು. ಹೋದ ವರ್ಷ ದೀಪಾವಳಿಗೆ ಮುಂಚೆ ತೀರಿಕೊಂಡಳು.

ರನ್ನ ತನ್ನ ಮಗಳಿಗೆ ಅತ್ತಿಮಬ್ಬೆ ಅಂತಲೇ ಹೆಸರಿಟ್ಟನಂತೆ. ನಮ್ಮ ಕಾಕಾನ ಕೂಸಿಗೂ ಅಜ್ಜಿ ಹೆಸರು ಇಟ್ಟಿದ್ದೇವೆ. ಆದರೆ ನಮ್ಮಪ್ಪ ಮಾತ್ರ ಆ ಹೆಸರು ಹಿಡಿದು ಕರಿಯೋದಿಲ್ಲ, ಅವ್ವಾ ಅಂತಾನ.